ಮೊದಲ ಪಾಳಿಯ ನೀರು

ಆ ವಾರ ನಾನು ಎಷ್ಟು ಸಲ ಕಾಲುವೆಯ ದಂಡೆಗೆ ಹೋಗಿ ಬಂದೆನೋ ನನಗೇ ಗೊತ್ತಿಲ್ಲ. ಹೋಗುವುದು, ಬಗ್ಗಿ ನೋಡುವುದು, ಒಣಗಿ ಬಿರುಕುಬಿಟ್ಟ ಕೆಸರು ಕಾಣುವುದು, ತಿರುಗಿ ಬರುವುದು. ಮನೆಗೆ ಬಂದು ರೊಟ್ಟಿ ಬಡಿಯಲು ಕೂತರೆ ನಾದಿದ ಹಿಟ್ಟನ್ನು ಹಾಗೇ ಬಿಟ್ಟು ಮತ್ತೆ ಎದ್ದು ಹೊರಡುವುದು. ಸೊಸೆ ಮೊದಮೊದಲು ಸುಮ್ಮನಿದ್ದಳು. ಆಮೇಲೆ ಅವಳಿಗೂ ಸಾಕಾಯಿತು.

“ಅತ್ತೀ, ನೀವು ನೋಡಿದ್ರ ನೀರು ಲಗೂನ ಬರತೈತೇನ್ರಿ? ಬಂದ್ರ ಊರ ಮಂದೀನ ಒದರತಾರ. ಒಂದ ಕಡೆ ಕೂಡ್ರಿ.”

“ಕೂತ್ರ ಎದಿ ಹಾರತೈತಿ, ಅಡ್ಡಾಡಿದ್ರ ಕಾಲು ನೋಯತಾವ. ಕಾಲು ನೋಯೂದ ಛಲೋ,” ಎಂದು ನಾನು ಚಪ್ಪಲಿ ಮೆಟ್ಟಿದೆ.

ಆ ವಾರ ನಮ್ಮ ಊರಿನಲ್ಲಿ ನನ್ನಷ್ಟು ಹಿಗ್ಗಿದವರು ಯಾರೂ ಇರಲಿಲ್ಲ, ನನ್ನಷ್ಟು ಚಡಪಡಿಸಿದವರೂ ಇರಲಿಲ್ಲ. ಎರಡಕ್ಕೂ ಕಾರಣ ನನ್ನ ಮೊಮ್ಮಗಳು. ನಮ್ಮದು ಮಹಾಲಿಂಗಪುರದ ಕಡೆಯ ಹಳ್ಳಿ, ಕಾಲುವೆಯ ಕೊನೆಯ ತುದಿ. ಮೇಲೆ ದೂರದಲ್ಲಿ ಸರ್ಕಾರದ ಡ್ಯಾಮು ಇದೆ. ಅಲ್ಲಿ ನೀರು ಬಿಟ್ಟರೆ ಎಲ್ಲರ ಹೊಲ ದಾಟಿ ಕಟ್ಟಕಡೆಗೆ ನಮಗೆ ಬರುತ್ತದೆ. ಆ ಡ್ಯಾಮಿನ ಬುಡದಲ್ಲಿ ಹಳೆಯ ಪವರ್ ಹೌಸ್. ಕಾಲುವೆಯ ನೀರು ಮೊದಲು ಅಲ್ಲಿಯ ಯಂತ್ರದೊಳಗೆ ಹೊಕ್ಕು, ಅದರ ಚಕ್ರವನ್ನು ತಿರುಗಿಸಿ, ಕರೆಂಟು ಹುಟ್ಟಿಸಿ, ಆಮೇಲೆ ನಮ್ಮ ಕಡೆ ಹೊರಡುತ್ತದೆ. ನನ್ನ ಮೊಮ್ಮಗಳು ಆ ಪವರ್ ಹೌಸಿನಲ್ಲಿ ಇಂಜಿನಿಯರ್. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಇಂಜಿನಿಯರ್ ಎಂಬ ಶಬ್ದವನ್ನು ಸರಿಯಾಗಿ ಬರೆಯಲು ಕಲಿತದ್ದೇ ಅವಳಿಂದ. ಈಗ ಎಲ್ಲಿ ಬೇಕಾದರೂ ಬರೆದೇನು, ಹಿಟ್ಟಿನ ಮೇಲೆ ಕೂಡ.

ಅಲ್ಲಿಯ ಯಂತ್ರದ ಚಕ್ರ ಹಳೆಯದಾಗಿ ಸವೆದಿತ್ತು. ನೀರು ಬರುವಷ್ಟು ಬಂದರೂ ಕರೆಂಟು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಅದನ್ನು ತೆಗೆದು ಹೊಸದನ್ನು ಕೂರಿಸುವ ಕೆಲಸ ನಡೆದಿತ್ತು. ಡ್ಯಾಮು ಅದೇ, ನೀರು ಅದೇ, ಗೋಡೆಯೂ ಅದೇ, ಒಳಗಿನ ಚಕ್ರ ಮಾತ್ರ ಹೊಸದು. ಸಂಕ್ರಾಂತಿ ಕಳೆದ ಮೇಲೆ ಮೊಮ್ಮಗಳು ಅವಳ ಸಾಹೇಬರನ್ನು ಕೇಳಿಕೊಂಡು ನನ್ನನ್ನು ಒಳಗೆ ಕರೆದುಕೊಂಡು ಹೋಗಿದ್ದಳು. ಬಾಗಿಲಲ್ಲೇ ತಕರಾರು ಶುರುವಾಯಿತು. ತಲೆಗೆ ಹಳದಿ ಟೋಪಿ ಹಾಕಬೇಕಂತೆ.

“ಆಯಿ, ಸೆರಗು ಕೆಳಗ ಇಳಿಸು, ಟೋಪಿ ಕೂಡೂದಿಲ್ಲ.”

“ಇಷ್ಟ ಮಂದಿ ಗಂಡಸರ ಮುಂದ ಸೆರಗು ತಗೀಲೇನ? ಟೋಪೀನ ಸೆರಗಿನ ಮ್ಯಾಲೆ ಇಡು.”

ಹಾಗೇ ಇಟ್ಟರು. ಅದು ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಕಬ್ಬಿಣದ ಮೆಟ್ಟಿಲು ಇಳಿದೆ. ಹಳೆಯ ಚಕ್ರ ಒಂದು ಮೂಲೆಯಲ್ಲಿ ಬಿದ್ದಿತ್ತು. ಅದರ ಅಂಚು ಇಲಿ ತಿಂದ ರೊಟ್ಟಿಯ ಹಾಗೆ ಆಗಿತ್ತು. ನೀರಿನಲ್ಲಿ ಬರುವ ಉಸುಕು ತಿಂದಿದೆ ಎಂದಳು ಮೊಮ್ಮಗಳು. ಹೊಸದು ತಿಕ್ಕಿ ಬೋರಲು ಹಾಕಿದ ಸ್ಟೀಲಿನ ಕೊಡದ ಹಾಗೆ ಹೊಳೆಯುತ್ತಿತ್ತು. ನನಗಿಂತ ಎತ್ತರ. ಮುಟ್ಟಿದರೆ ತಣ್ಣಗೆ.

“ಇದು ತಿರಗಿದ್ರ ನಮ್ಮ ನೀರು ಕಡಿಮಿ ಆಗತೈತೇನ ತಂಗಿ?” ಎಂದು ಮೊಮ್ಮಗಳನ್ನು ಕೇಳಿದೆ.

“ಒಂದು ಹನಿ ಕಡಿಮಿ ಆಗೂದಿಲ್ಲ ಆಯಿ. ಎಷ್ಟು ಒಳಗ ಹೊಕ್ಕತೈತಿ, ಅಷ್ಟೂ ಹೊರಗ ಬರತೈತಿ. ಮೊದಲು ಸೋರಿ ಹೋಗತಿದ್ದ ಜೋರನ್ನ ಈಗ ಹಿಡೀತೀವಿ, ಅಷ್ಟ.”

ನನ್ನ ಸೆರಗಿನ ಗಂಟಿನಲ್ಲಿ ವಿಭೂತಿ ಇರುತ್ತದೆ. ಬಿಚ್ಚಿ, ಚಕ್ರಕ್ಕೆ ಮೂರು ಬೆರಳಿಂದ ಎಳೆದೆ. ಅಲ್ಲಿದ್ದ ಕೆಲಸದವರು ಕೈಮುಗಿದರು, ಮೊಮ್ಮಗಳು ಮಾತ್ರ “ಸಾಕಬೇ ಆಯಿ, ಇದು ಲಿಂಗ ಅಲ್ಲ” ಎಂದು ನನ್ನ ಕೈ ಹಿಡಿದಳು.

ಶಿವರಾತ್ರಿ ಮುಗಿದು ಬಿಸಿಲು ಏರುತ್ತಿರುವಾಗ ಕಾಲುವೆಗೆ ನೀರು ಬಿಡುವ ದಿನ ಬಂತು. ನೀರು ಬರಲಿಲ್ಲ. ಸಂಜೆ ಮೊಮ್ಮಗಳು ಸೊಸೆಯ ಫೋನಿಗೆ ಮಾಡಿದಳು. ದನಿ ಸಣ್ಣದಾಗಿತ್ತು. ಸ್ವಲ್ಪ ನೀರು ಬಿಟ್ಟು ಚಕ್ರ ತಿರುಗಿಸಿ ನೋಡಿದರಂತೆ, ಚಕ್ರದ ದಿಂಡು ಕೂತು ತಿರುಗುವ ಜಾಗ, ಅದಕ್ಕೆ ಬೇರಿಂಗ್ ಅನ್ನುತ್ತಾರೆ, ಅದು ಬಿಸಿಯಾಗುತ್ತಿದೆಯಂತೆ. ಬಿಚ್ಚಿ ಮತ್ತೆ ಕೂರಿಸಬೇಕು. ಅಲ್ಲಿಯವರೆಗೆ ನೀರು ತಡೆದಿದ್ದಾರೆ.

“ತಂಗಿ, ನನ್ನ ವಿಭೂತಿ ಏನಾರ ಒಳಗ ಹೋತೇನ?”

ಅತ್ತ ಕಡೆ ಅವಳು ನಕ್ಕದ್ದು ಕೇಳಿಸಿತು. “ಅದನ್ನ ಅವತ್ತ ಒರಸೇವಿ ಆಯಿ. ನೀನು ಅದನ್ನೊಂದು ತಲೀಗಿ ಹಚ್ಚಿಕೋಬ್ಯಾಡ.”

ನಕ್ಕವಳು ಆಮೇಲೆ ಹೇಳಿದ ಮಾತು ನನ್ನ ನಿದ್ದೆ ಕೆಡಿಸಿತು. ಪವರ್ ಹೌಸಿನ ಪಕ್ಕದಲ್ಲಿ ಇನ್ನೊಂದು ಗೇಟು ಇದೆ. ರೈತರು ಗದ್ದಲ ಮಾಡಿದರೆ ಮೇಲಿನವರು ಆ ಗೇಟು ಎತ್ತಿ, ಯಂತ್ರವನ್ನು ಬಿಟ್ಟು ನೀರು ಹರಿಸುತ್ತಾರೆ. ಈ ಸಲದ ನೀರು ಹಾಗೆ ಹೋದರೆ ಡ್ಯಾಮಿನಲ್ಲಿ ಉಳಿಯುವುದು ಬೇಸಿಗೆಯಲ್ಲಿ ಕುಡಿಯುವುದಕ್ಕೆ ಇಟ್ಟ ನೀರು ಮಾತ್ರ. ಹೊಸ ಚಕ್ರ ಮಳೆಗಾಲದ ತನಕ ಸುಮ್ಮನೆ ಕೂರಬೇಕು. ಅಷ್ಟರಲ್ಲಿ ಅವಳಿಗೆ ಬೇರೆ ಕಡೆ ವರ್ಗವಾಗುವುದಿತ್ತು. ಎರಡು ವರ್ಷ ಆ ಹಳೆಯ ಗೋಡೆಗಳ ನಡುವೆ ಎಣ್ಣೆ ಮೆತ್ತಿಕೊಂಡು ದುಡಿದವಳು ಅದು ತಿರುಗುವುದನ್ನು ನೋಡದೆ ಹೊರಡಬೇಕು. ಅವಳು ಇದನ್ನು ಅಳುತ್ತ ಹೇಳಲಿಲ್ಲ. ಹವಾಮಾನ ಹೇಳುವವರ ಹಾಗೆ ಹೇಳಿದಳು. ಅದಕ್ಕೇ ನನ್ನ ಮನಸ್ಸಿಗೆ ಹೆಚ್ಚು ಹತ್ತಿತು.

ಊರಲ್ಲಿ ಮಾತು ಬೆಳೆಯಿತು. ನಮ್ಮ ಬದುವಿಗೆ ಹತ್ತಿದ ಹೊಲದವನು ನನ್ನ ಮಗನ ಓರಗೆಯವನು, ನನ್ನನ್ನು ದೊಡ್ಡವ್ವ ಅನ್ನುತ್ತಾನೆ. ನಾಲಿಗೆ ಚೂಪು, ಮನುಷ್ಯ ಕೆಟ್ಟವನಲ್ಲ. ಅವನು ಆಗಷ್ಟೇ ಕಬ್ಬು ನಾಟಿ ಮಾಡಿದ್ದ. ಸಣ್ಣ ಕಬ್ಬಿನ ಸುಳಿ ಬಾಡತೊಡಗಿತ್ತು. ನಮ್ಮ ತೂಬಿನ ಕೆಳಗಿನ ಹೊಲಗಳಿಗೆ ನೀರು ಪಾಳಿಯ ಮೇಲೆ ಹೋಗುತ್ತದೆ. ಒಂದು ಸಲ ಒಬ್ಬರ ಹೊಲದಿಂದ ಶುರುವಾದರೆ ಮುಂದಿನ ಸಲ ಇನ್ನೊಬ್ಬರದರಿಂದ. ಆ ಸಲ ಮೊದಲ ಪಾಳಿ ನಮ್ಮದು, ಕೊನೆಯದು ಅವನದು. ನೀರೇ ತಡವಾದಾಗ ಕೊನೆಯವನ ಗತಿ ಏನು. ಅವನ ಸಿಟ್ಟಿನಲ್ಲಿ ಸುಳ್ಳಿರಲಿಲ್ಲ.

ಕಾಲುವೆಯ ಸೇತುವೆಯ ಹತ್ತಿರ ನನ್ನನ್ನು ನೋಡಿ ಗಾಡಿ ನಿಲ್ಲಿಸಿದ. “ಏನ ದೊಡ್ಡವ್ವ, ನಿನ್ನ ಮೊಮ್ಮಗಳು ಊರ ನೀರು ಹಿಡಕೊಂಡ ಕೂತಾಳಂತ. ಅದರಾಗಿನ ಕರೆಂಟ್ ತಗದು, ಸಪ್ಪನ್ನ ನೀರು ನಮಗ ಬಿಡೂ ವಿಚಾರ ಐತೇನ?”

“ಸಪ್ಪ ಆದ್ರ ಒಂದ ಹಿಡಿ ಉಪ್ಪು ಹಾಕ್ಕೊಂಡ ಹಾಯಿಸಲೇ.”

ಅವನು ನಕ್ಕ, ಆದರೆ ನಗು ಗಲ್ಲದಲ್ಲೇ ನಿಂತಿತು. “ಚಾಷ್ಟಿ ಬಿಡು. ನಾಳೆ ಮುಂಜಾನೆ ಟ್ರ್ಯಾಕ್ಟರ್ ಹೊಡಕೊಂಡ ಡ್ಯಾಮಿಗಿ ಹೊಂಟೇವಿ. ಬಾಜೂ ಗೇಟ್ ಎತ್ತಿಸಿಕೊಂಡ ಬರತೀವಿ. ಸುತ್ತ ಊರವ್ರೂ ಬರಾಕತ್ತಾರ. ನಿನ್ನ ಮಗನೂ ಹ್ಞೂಂ ಅಂದಾನ.”

ಕೊನೆಯ ಮಾತಿಗೆ ನಾನು ನಿಂತಲ್ಲೇ ನಿಂತೆ. ನನ್ನ ಮಗ ಎಂದರೆ ಆ ಹುಡುಗಿಯ ಅಪ್ಪ.

ಮಗ ದನದ ಕೊಟ್ಟಿಗೆಯಲ್ಲಿದ್ದ. ನಮ್ಮದು ಗೋವಿನಜೋಳ, ತೆನೆ ಹಿಡಿಯುವ ಹೊತ್ತು, ಆ ಹೊತ್ತಿಗೆ ನೀರು ಬೀಳದಿದ್ದರೆ ತೆನೆಯಲ್ಲಿ ಕಾಳು ತುಂಬುವುದಿಲ್ಲ. ಅದು ನನಗೂ ಗೊತ್ತು.

“ಹ್ಞೂಂ ಅಂದಿಯಂತ?”

“ಅಂದೇನಿ.”

“ಅಲ್ಲಿ ಗೇಟಿನಾಗ ನಿನ್ನ ಮಗಳು ನಿಂತಿದ್ರ?”

ಅವನು ಮೇವು ಹಾಕುವುದನ್ನು ನಿಲ್ಲಿಸಲಿಲ್ಲ. “ಮಗಳು ನನ್ನಾಕಿ, ಪೀಕೂ ನಂದ. ಊರ ಮಂದಿ ಹೋಗುವಾಗ ನಾನ ಮನ್ಯಾಗ ಕೂತ್ರ, ಮಗಳ ಸಲುವಾಗಿ ಊರ ನೀರು ನಿಲ್ಲಿಸ್ಯಾನ ಅಂತಾರ. ಹೋದ್ರ ಮಗಳ ವಿರುದ್ಧ ಹ್ವಾದ ಅಂತಾರ. ಯಾವ್ದ ಆದ್ರೂ ಅನ್ನವ್ರ ಅಂತಾರ. ಹೊಲಾನರ ಉಳೀಲಿ.”

ಅವನು ತಪ್ಪು ಹೇಳಿದ್ದರೆ ಬೈಯಬಹುದಿತ್ತು.

ಸಂಜೆ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಮಂದಿ ಕೂಡಿದರು. ಯಾರ ಟ್ರ್ಯಾಕ್ಟರ್, ಎಷ್ಟು ಹೊತ್ತಿಗೆ ಹೊರಡುವುದು ಎಂಬ ಮಾತು ನಡೆದಿತ್ತು. ಹೆಂಗಸರು ಅಂಥ ಹೊತ್ತಿನಲ್ಲಿ ಗುಡಿಗೆ ಹೋಗಿ ದೀಪ ಹಚ್ಚಿ ಬರುತ್ತೇವೆಯೇ ಹೊರತು ಕಟ್ಟೆಯ ಮುಂದೆ ನಿಲ್ಲುವುದಿಲ್ಲ. ನಾನೂ ದೀಪ ಹಚ್ಚಿದೆ. ಹೊರಗೆ ಬಂದವಳ ಕಾಲು ಮನೆಯ ಕಡೆ ತಿರುಗಲೇ ಇಲ್ಲ.

ನಮ್ಮ ಕಾಲುವೆಯಲ್ಲಿ ಹಿರಿಯರ ಕಾಲದಿಂದ ಒಂದು ರೂಢಿ ಇದೆ. ಯಾರದಾದರೂ ಪೀಕು, ಅಂದರೆ ನಿಂತ ಬೆಳೆ, ಸಾಯುವ ಹಾಗಿದ್ದರೆ, ಮೊದಲ ಪಾಳಿಯವರು ತಮ್ಮ ಪಾಳಿಯನ್ನು ಅವರಿಗೆ ಕೊಡಬಹುದು. ನಾಲ್ಕು ಮಂದಿಯ ಮುಂದೆ ಹೇಳಬೇಕು. ನೀರು ಬಂದ ದಿನ ಕೊಟ್ಟವರೇ ಸಲಿಕೆ ಹಿಡಿದು ಪಡೆದವರ ಹೊಲದ ಬಾಯಿ ತೆಗೆಯಬೇಕು. ತೆಗೆದ ಮೇಲೆ ಅವರ ಕಡೆಯ ಸಾಲು ತೋಯುವವರೆಗೆ ಯಾರೂ ಅದನ್ನು ಮುಚ್ಚುವ ಹಾಗಿಲ್ಲ. ಕೊಟ್ಟವರು ಪಡೆದವರ ಜಾಗಕ್ಕೆ ಹೋಗುತ್ತಾರೆ, ಅಂದರೆ ನಾವು ಕೊನೆಗೆ. ಪಡೆದವರು ಆ ಸಲ ನೀರಿನ ಬಗ್ಗೆ ಜಗಳಕ್ಕೆ ನಿಲ್ಲಬಾರದು. ಇಷ್ಟೇ ರೂಢಿ, ಆದರೆ ಇದನ್ನು ಮುರಿದವರನ್ನು ನಾನು ಕಂಡಿಲ್ಲ.

ಕಟ್ಟೆಯ ಮುಂದೆ ನಿಂತು ಬದುವಿನ ಹೊಲದವನಿಗೆ ಹೇಳಿದೆ, “ನಮ್ಮ ಮೊದಲನೇ ಪಾಳಿ ನಿಂಗ ಕೊಟ್ಟೇನಿ. ನಾಳೆ ಒಂದಿನ ತಡಕೋ. ಡ್ಯಾಮಿಗಿ ಹೋಗಬ್ಯಾಡ.”

ಅವನು ನನ್ನನ್ನು ನೋಡಿದ, ಆಮೇಲೆ ನನ್ನ ಮಗನನ್ನು. “ಹೊಲ ಮಾಡಾಂವ ಅಂವ. ಪಾಳಿ ನೀ ಹ್ಯಾಂಗ ಕೊಡ್ತೀ ದೊಡ್ಡವ್ವ?”

“ಉತಾರದಾಗ ಯಾರ ಹೆಸರೈತಿ, ಚಾವಡಿಗಿ ಹೋಗಿ ನೋಡ್ಕೊಂಡ ಬಾ.”

ಯಾರೋ ಹಿಂದೆ ಕಿಸಕ್ಕೆಂದರು. ಹೊಲದ ಉತಾರ, ಅಂದರೆ ಪಹಣಿ, ನನ್ನ ಗಂಡ ಹೋದ ಮೇಲೆ ನನ್ನ ಹೆಸರಿಗೇ ಬಂದಿತ್ತು, ಮಗ ಎಂದೂ ಬದಲಿಸಿಕೊಳ್ಳಲು ಕೇಳಿರಲಿಲ್ಲ. ಮಗನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವನ ಧೋತರದ ಅಂಚನ್ನೇ ನೋಡುತ್ತ ನಿಂತೆ. ಬದುವಿನವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನೇ ಎಲ್ಲರನ್ನೂ ಕೂಡಿಸಿದವನು. ಅವನು ಹೋಗದಿದ್ದರೆ ಹೋಗುವವರಿಲ್ಲ.

“ನಾಡಿದ್ದ ಮುಂಜಾನೆ ತನಕ,” ಎಂದ ಕಡೆಗೆ. “ಅಷ್ಟರಾಗ ನೀರು ಬಿಟ್ಟ ಸುದ್ದಿ ಬರಲಿಲ್ಲಂದ್ರ ಪಾಳೀನೂ ಬ್ಯಾಡ, ನಿನ್ನ ಮಾತೂ ಬ್ಯಾಡ.”

“ಆತು,” ಎಂದೆ.

ಮನೆಯ ದಾರಿಯಲ್ಲಿ ಮಗ ನನ್ನ ಮುಂದೆ ಮುಂದೆ ನಡೆದ. ಬಾಗಿಲಲ್ಲಿ ತಿರುಗಿ ಒಂದೇ ಮಾತು ಹೇಳಿದ. “ಕೊಡೂ ಮುಂದ ನನ್ನ ಒಂದ ಮಾತು ಕೇಳಬೇಕಿತ್ತಬೇ.” ಅಷ್ಟೇ. ಊಟಕ್ಕೆ ಕೂತಾಗ ನನ್ನ ತಾಟಿನ ಕಡೆ ನೋಡಲಿಲ್ಲ.

ಮರುದಿನ ಆ ಮನೆಯಲ್ಲಿ ನನಗೆ ಕೂರಲು ಆಗಲಿಲ್ಲ. ಸೊಸೆಯ ಫೋನನ್ನು ಕುಪ್ಪಸದಲ್ಲಿ ಸೇರಿಸಿಕೊಂಡು ಬಸ್ಸು ಹತ್ತಿ ಬನಹಟ್ಟಿಗೆ ಹೊರಟೆ. ಅಲ್ಲಿ ನನ್ನ ತಂಗಿಯ ಮನೆ. ಮುಂದಿನ ಪಡಸಾಲೆಯ ತುಂಬ ಕರೆಂಟಿನ ಮಗ್ಗಗಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕರೂ ಚಿಮ್ಮಡದ ತನಕ ನಿಂತೇ ಹೋದೆ, ಕಂಡಕ್ಟರ್ “ಅಜ್ಜೀ, ಸೀಟ್ ಕಚ್ಚತೈತೇನು?” ಎಂದ. ತಂಗಿಯ ಮನೆಯಲ್ಲೂ ಅದೇ. ಚಹಾ ತಂದಿಟ್ಟಳು, ಆರಿತು. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿಕೊಡುತ್ತೇನೆ ಎಂದು ಕೂತೆ, ನೂಲು ಹರಿದೆ.

ತಂಗಿ ನನ್ನ ಕೈಯಿಂದ ಕಂಡಿಕೆ ಕಸಿದುಕೊಂಡಳು. “ಅಕ್ಕಾ, ನಿನ್ನ ಮೊಮ್ಮಗಳ ಚಕ್ರ ತಿರಗೂದರಾಗ ನನ್ನ ನೂಲೆಲ್ಲ ಮುಗಿಸಿಬಿಡ್ತಿ. ತಿರಗಿದ ಮ್ಯಾಲೆ ಒಂದ ಮಾತು ಹೇಳು ಆಕಿಗಿ. ಮಧ್ಯಾಹ್ನದಾಗ ಕರೆಂಟ್ ಹೋಗಿ ಮಗ್ಗ ನಿಂತ್ರ, ಸೀರೀಮ್ಯಾಲೆ ಗೆರಿ ಬೀಳತಾವ. ನಿಂತ ಗೆರಿ ನೋಡಿ ಸಾವಕಾರ ಸೀರಿ ಬ್ಯಾಡಂತ ಒಗೀತಾನ.”

ಅವಳು ಹೇಳುತ್ತಿರುವಾಗಲೇ ನನ್ನ ಎದೆಯ ಹತ್ತಿರ ಫೋನು ನಡುಗಿತು. ಮೊಮ್ಮಗಳ ಹೆಸರು. ಕಿವಿಗೆ ಹಿಡಿದೆ, ಮಗ್ಗಗಳ ಸಪ್ಪಳದಲ್ಲಿ ಏನೂ ಕೇಳಲಿಲ್ಲ. ಒಂದು ಕಿವಿ ಮುಚ್ಚಿಕೊಂಡೆ, ಆಗಲೂ ಕೇಳಲಿಲ್ಲ. ಬೀದಿಗೆ ಓಡಿದರೆ ಬೀದಿಯುದ್ದಕ್ಕೂ ಅದೇ ಸಪ್ಪಳ, ಬನಹಟ್ಟಿಯಲ್ಲಿ ಮಗ್ಗ ಇಲ್ಲದ ಬೀದಿ ಯಾವುದಿದೆ. ನನ್ನ ಮುಖ ನೋಡಿದ ತಂಗಿ ಒಳಗೆ ಹೋಗಿ ನೇಯುವವರಿಗೆ ಕೈ ಮಾಡಿದಳು. ಒಂದೊಂದಾಗಿ ಮಗ್ಗಗಳು ನಿಂತವು. ಹಗಲು ಹೊತ್ತಿನಲ್ಲಿ ಕರೆಂಟು ಇದ್ದೂ ಆ ಪಡಸಾಲೆ ಸುಮ್ಮನಾದದ್ದನ್ನು ನಾನು ಮೊದಲ ಸಲ ಕೇಳಿದೆ.

“ಆಯಿ, ಕೇಳಾಕತ್ತೈತಿ?”

“ಏನ ಕೇಳಬೇಕವಾ? ಲಗೂ ಹೇಳು.”

“ನಾನ ಹೇಳೂದಿಲ್ಲ. ಕೇಳು.”

ಅವಳು ಫೋನನ್ನು ಎಲ್ಲಿಗೋ ಹಿಡಿದಳು. ತಂಗಿಯ ಮಗ ಬಂದು ಒಂದು ಗುಂಡಿ ಒತ್ತಿದ, ಸಪ್ಪಳ ಎಲ್ಲರಿಗೂ ಕೇಳಿಸುವಷ್ಟು ದೊಡ್ಡದಾಯಿತು. ಹೇಗಿತ್ತು ಅಂತ ಹೇಳಲಿ. ದೂರದಲ್ಲಿ ಬೀಸುವ ಕಲ್ಲು ತಿರುಗುತ್ತಿದ್ದರೆ ನೆಲದಿಂದ ಅಂಗಾಲಿಗೆ ಬರುತ್ತದಲ್ಲ, ಅಂಥದು. ಎಲ್ಲೂ ಏರಿಳಿತವಿಲ್ಲ. ನೇಯುವವರು ಲಾಳಿ ಕೈಯಲ್ಲಿ ಹಿಡಿದುಕೊಂಡೇ ಹತ್ತಿರ ಬಂದು ನಿಂತರು. ಅವರಲ್ಲಿ ವಯಸ್ಸಾದವನೊಬ್ಬ, “ಒಂದ ಹದದಾಗ ಓಡಾಕತ್ತೈತಿ,” ಎಂದ.

“ಮುಂಜಾನೆಯಿಂದ ತಿರಗಾಕತ್ತೈತಿ ಆಯಿ,” ಮೊಮ್ಮಗಳ ದನಿ ಬಂತು. “ಬೇರಿಂಗ್ ತಣ್ಣಗೈತಿ. ಹಳೇ ಚಕ್ರದಕಿಂತ ಜಾಸ್ತಿ ಕರೆಂಟ್ ಬರಾಕತ್ತೈತಿ, ಅದ ನೀರಿಗಿ. ನೀರು ಕಾಲಿವಿಗಿ ಬಿದ್ದೈತಿ. ಅಪ್ಪಗ ಹೇಳು.”

ನಾನು ತಂಗಿಯ ಭುಜ ಹಿಡಿದು ನಿಂತೆ. ಅವಳು ಅಳುತ್ತಿದ್ದಳು, ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ. ಆಮೇಲೆ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದೆ. ಬೆಲ್ಲದ ಪೆಂಟೆಯೊಂದನ್ನು ಒಡೆಸಿ ನೇಯುವವರೆಲ್ಲರ ಕೈಗೆ ಒಂದೊಂದು ಚೂರು ಇಟ್ಟು, ಮೊದಲು ಸಿಕ್ಕ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಪಕ್ಕದವರಿಗೆ, ಹಿಂದಿನವರಿಗೆ, ಯಾರು ಕೇಳಿದರೂ ಕೇಳದಿದ್ದರೂ ಹೇಳಿದೆ.

ಸುದ್ದಿ ಮುಂಚೆಯೇ ಊರು ಮುಟ್ಟಿತ್ತು. ನೀರು ಮುಟ್ಟಲು ಇನ್ನೊಂದು ದಿನ ಹಿಡಿಯಿತು. ಅದು ಬಂದಾಗ ತಲೆಯಲ್ಲಿ ಒಣ ಎಲೆ, ಖಾಲಿ ಬಾಟಲಿ, ಚಪ್ಪಲಿಯ ತುಂಡು ಎಲ್ಲ ದೂಡಿಕೊಂಡು, ಬಿರುಕುಗಳಲ್ಲಿ ಗುಳುಗುಳು ಮಾಡುತ್ತ, ನಿಧಾನಕ್ಕೆ ಬಂತು. ನಾನು ಮಗನ ಸಲಿಕೆ ಹೊತ್ತುಕೊಂಡು ತೂಬಿನ ಹತ್ತಿರ ನಿಂತಿದ್ದೆ. ನೀರು ನಮ್ಮ ಹೊಲದ ಮುಂದೆ ಹಾದು ಹೋಯಿತು. ಗೋವಿನಜೋಳದ ಎಲೆಗಳು ಹಗ್ಗದ ಹಾಗೆ ಸುತ್ತಿಕೊಂಡಿದ್ದವು. ಅತ್ತ ನೋಡಬಾರದು ಅಂದುಕೊಂಡರೂ ನೋಡಿದೆ. ಆಮೇಲೆ ಬದುವಿನವನ ಹೊಲದ ಬಾಯಿಗೆ ಹೋಗಿ ಮಣ್ಣು ಎತ್ತಿದೆ. ಮೂರು ಸಲಿಕೆಗೆ ಉಸಿರು ಹತ್ತಿತು. ಅವನು ಕೈ ಚಾಚಿದ, ನಾನು ಕೊಡಲಿಲ್ಲ. ರೂಢಿ ಎಂದರೆ ರೂಢಿ.

ನೀರು ಅವನ ಸಾಲುಗಳಿಗೆ ಹೊಕ್ಕಿತು. ಅವನು ಬಗ್ಗಿ ಒಂದು ಬೊಗಸೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ, ಮುಕ್ಕಳಿಸಿ ಉಗುಳಿದ. “ದೊಡ್ಡವ್ವ, ಖರೇನ ಹೇಳತೀನಿ, ನೀರು ನೀರಿನಂಗ ಐತಿ,” ಎಂದ. ಮತ್ತೆ ದನಿ ತಗ್ಗಿಸಿ, “ನಿಮ್ಮ ಪೀಕಿಗಿ ತ್ರಾಸ ಆತು,” ಎಂದ. ನಾನು ಸಲಿಕೆಗೆ ಹತ್ತಿದ ಕೆಸರು ಒರೆಸಿದೆ.

ನಮ್ಮ ಪಾಳಿ ಬರುವಾಗ ನೀರು ಇಳಿದಿತ್ತು. ಅರ್ಧ ಹೊಲ ಕುಡಿಯಿತು, ಅರ್ಧಕ್ಕೆ ಮುಟ್ಟಲಿಲ್ಲ. ಮುಟ್ಟದ ಅರ್ಧವನ್ನು ಮಗ ಕೊಯ್ದು ಎಮ್ಮೆಗಳಿಗೆ ಹಾಕಿದ. ಕೊಯ್ಯುವಾಗ ನಾನು ಹೊರೆ ಕಟ್ಟಲು ಹೋದೆ, ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಅವನು ಕೊಯ್ದ, ನಾನು ಹೊರೆ ಕಟ್ಟಿದೆ. ನನ್ನೊಳಗೆ ಮೊಮ್ಮಗಳ ಚಕ್ರ ತಿರುಗುತ್ತಲೇ ಇತ್ತು, ಹೊರಗೆ ಮಗನ ಬೆನ್ನು ಕಾಣುತ್ತಿತ್ತು. ಎರಡೂ ಒಟ್ಟಿಗೆ ಇದ್ದವು. ಯಾವುದೂ ಇನ್ನೊಂದನ್ನು ಅಳಿಸಲಿಲ್ಲ.

ಮೊಮ್ಮಗಳು ರಜೆ ತೆಗೆದುಕೊಂಡು ಬಂದದ್ದು ಆ ಮೇಲೆ. ಬಂದವಳು ಮೊದಲು ಹೊಲಕ್ಕೆ ಹೋದಳು, ಸೊಸೆ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಬೋಳಾದ ಅರ್ಧವನ್ನು ನೋಡಿ ಬಂದು, ಊಟಕ್ಕೆ ಕೂತಾಗ ತಲೆ ತಗ್ಗಿಸಿ, “ಅಪ್ಪಾ, ನನ್ನ ಸಲುವಾಗಿ ಹಿಂಗಾತು,” ಎಂದಳು.

ಮಗ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. ಅವಳ ಕಡೆ ತಿರುಗಿ, ಕಾಲುವೆ ಆಫೀಸಿನ ಮುಂದೆ ನಿಂತವನ ಹಾಗೆ ಕೇಳಿದ, “ಮೇಡಮ್ಮಾರ, ಮುಂದಿನ ನೀರು ಯಾವಾಗ ಬಿಡ್ತೀರಿ?”

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಸೆಟೆದು ಕೂತು, ಅದೇ ದನಿಯಲ್ಲಿ ಹೇಳಿದಳು, “ಮಳಿ ಆಗಿ ಡ್ಯಾಮ್ ತುಂಬಿದ ಮ್ಯಾಲೆ ಬಿಡ್ತೀವ್ರಿ. ನನ್ನ ವರ್ಗಾ ನಿಂತೈತಿ, ನಾನ ಅಲ್ಲೇ ಇರತೀನ್ರಿ.”

“ತಡಾ ಆದ್ರ?”

“ತಡಾ ಆದ್ರ ನಾನ ಬಂದು ಕಟ್ಟಿಮ್ಯಾಗ ನಿಂತ ಎಲ್ಲಾರಿಗೂ ಹೇಳತೀನ್ರಿ. ಆಯೀನ ಮುಂದ ಮಾಡೂದಿಲ್ಲ.”

“ಹಂಗ ಮಾಡು,” ಎಂದ ಮಗ. “ನಿಮ್ಮ ಆಯಿ ಇನ್ನೊಂದ ಸಲ ಕಟ್ಟಿಗಿ ಹ್ವಾದ್ರ ಉತಾರಾನ ಬರದಕೊಟ್ಟ ಬರತಾಳ.”

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಗ ಕೈಯಲ್ಲಿದ್ದ ರೊಟ್ಟಿಯನ್ನು ಎರಡು ಮಾಡಿ, ಒಂದು ತುಂಡನ್ನು ಮಗಳ ತಾಟಿಗೆ, ಇನ್ನೊಂದನ್ನು ನನ್ನ ತಾಟಿಗೆ ಹಾಕಿದ. ನಾನು ಅದರ ಮೇಲೆ ಶೇಂಗಾ ಚಟ್ನಿ ಹಾಕಿಕೊಂಡು, ಎಣ್ಣೆ ಬಿಟ್ಟುಕೊಂಡು, ಆ ವಾರದ ನಂತರ ಮೊದಲ ಸಲ ಹೊಟ್ಟೆ ತುಂಬ ಉಂಡೆ.